ಡಾರ್ಟ್ ಬಿಡದ ಕೈ: ಕಲಬುರಗಿಯ ಒಬ್ಬ ಆಟಗಾರನ ಪ್ರಕರಣ

ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುವವರ ಬಳಿ ಬರುವ ಆಟಗಾರರೆಂದರೆ ಹೆಚ್ಚಾಗಿ ಕ್ರಿಕೆಟ್‌ನವರು, ಕಬಡ್ಡಿಯವರು, ಇಲ್ಲವೆ ಪೊಲೀಸ್ ನೇಮಕಾತಿಗೆಂದು ಡಾಂಬರು ರಸ್ತೆಯಲ್ಲಿ ಓಡಿ ಮೊಣಕಾಲು ಕೆಡಿಸಿಕೊಂಡ ಹುಡುಗರು. ಡಾರ್ಟ್ಸ್, ಅಂದರೆ ಗೋಡೆಯ ಮೇಲಿನ ದುಂಡು ಬೋರ್ಡಿಗೆ ಸಣ್ಣ ಬಾಣ ಎಸೆಯುವ ಆಟ, ಆಡಿ ಹೊಟ್ಟೆ ಹೊರೆಯಲು ಹೊರಟವರೊಬ್ಬರು ಈ ಊರಲ್ಲಿದ್ದಾರೆ ಎಂಬುದೇ ನನಗೆ 2023ರವರೆಗೆ ಗೊತ್ತಿರಲಿಲ್ಲ. ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಮನೆತನದ ವಿವರ, ಆಡಿದ ಪಂದ್ಯಗಳ ಹೆಸರು ಕೆಲವನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಒಂಟಿಯಾಗಿ ಆಡುವ ಯಾವುದೇ ಆಟದ ಆಟಗಾರರಿಗೆ, ಅವರ ಮನೆಯವರಿಗೆ, ನನ್ನಂತೆ ಅವರ ಕೈಕಾಲು ನೋಡುವವರಿಗೆ ಇದರಿಂದ ಏನಾದರೂ ಸಿಕ್ಕೀತು.

ಹಿನ್ನೆಲೆ

ಅವರದು ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಅಡತ್ (ಕಮಿಷನ್ ವ್ಯಾಪಾರದ) ಅಂಗಡಿ ಇರುವ ಮನೆತನ. ತಂದೆ ಬೇಗ ತೀರಿಕೊಂಡರು, ಅಂಗಡಿ ಕಾಕಾನ ಕೈಗೆ ಬಂತು. ರಜೆಯಲ್ಲಿ ಹುಡುಗ ಅಂಗಡಿಯಲ್ಲಿ ಕೂತು ತೊಗರಿಯ ತೂಕ, ದರ, ಹಮಾಲಿ, ಕಮಿಷನ್ ಎಲ್ಲ ಬಾಯಿಲೆಕ್ಕದಲ್ಲೇ ಮಾಡುತ್ತಿದ್ದ. ಇದು ಮುಂದೆ ಉಪಯೋಗಕ್ಕೆ ಬಂತು. ಡಾರ್ಟ್ಸ್‌ನಲ್ಲಿ 501ರಿಂದ ಶುರುಮಾಡಿ ಕಳೆಯುತ್ತ ಬರಬೇಕು, ಸರಿಯಾಗಿ ಸೊನ್ನೆಗೆ ಬರಬೇಕು, ಕೊನೆಯ ಬಾಣ ಡಬಲ್‌ನಲ್ಲೇ, ಅಂದರೆ ಎರಡರಷ್ಟು ಅಂಕ ಕೊಡುವ ಅಂಚಿನ ತೆಳು ಪಟ್ಟಿಯಲ್ಲೇ, ಬೀಳಬೇಕು. ಉಳಿದ ಅಂಕಕ್ಕಿಂತ ಹೆಚ್ಚು ಹೊಡೆದರೆ, ಅಥವಾ ಒಂದೇ ಅಂಕ ಉಳಿದರೆ, ಆ ಸರದಿಯೇ ರದ್ದು. ಬೇರೆಯವರು ಬೋರ್ಡಿನ ಮುಂದೆ ನಿಂತು ಬೆರಳು ಎಣಿಸುವಾಗ ಇವರಿಗೆ ಲೆಕ್ಕ ತಾನಾಗಿ ಬರುತ್ತಿತ್ತು.

ಇಲ್ಲೇ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೋದರು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕಚೇರಿಯ ಆಟದ ಕೋಣೆಯಲ್ಲಿ ಪ್ಲಾಸ್ಟಿಕ್ ಮೊನೆಯ ಡಾರ್ಟ್ ಹಾಕುವ ಎಲೆಕ್ಟ್ರಾನಿಕ್ ಬೋರ್ಡ್ ಇತ್ತು. ಅಲ್ಲಿಂದ ಒಂದು ಪಬ್‌ನ ಲೀಗ್, ಅಲ್ಲಿಂದ ಉಕ್ಕಿನ ಮೊನೆಯ ಡಾರ್ಟ್. ಎರಡೇ ವರ್ಷದಲ್ಲಿ ಆ ಲೀಗಿನಲ್ಲಿ ಅವರನ್ನು ಸೋಲಿಸುವವರು ಬೆರಳೆಣಿಕೆಯಷ್ಟು ಉಳಿದರು. ಊರಿನಲ್ಲಿ ಈ ಸುದ್ದಿ ಯಾರಿಗೂ ಹೇಳಿರಲಿಲ್ಲ. ಡಾರ್ಟ್ಸ್ ಎಂದರೆ ಬಾರು, ಬಾರು ಎಂದರೆ ಕುಡಿತ. ಆಗ ಮದುವೆಯ ಮಾತುಕತೆಯೂ ನಡೆದಿತ್ತು. ಅಂದಹಾಗೆ ಅವರು ಒಂದು ಹನಿಯನ್ನೂ ಮುಟ್ಟುವವರಲ್ಲ.

2020ರಲ್ಲಿ ಕೋವಿಡ್ ಬಂದು ಮನೆಯಿಂದಲೇ ಕೆಲಸ ಎಂದಾಗ ಊರಿಗೆ ಮರಳಿದರು. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಬೋರ್ಡ್ ತೂಗಿಹಾಕಿದರು. ನೆಲದಿಂದ ಬೋರ್ಡಿನ ಕೇಂದ್ರವಾದ ಬುಲ್‌ನ ನಡುವಿಗೆ 1.73 ಮೀಟರ್, ಬೋರ್ಡಿನ ಮುಖದಿಂದ ಎಸೆಯುವ ಗೆರೆಗೆ 2.37 ಮೀಟರ್. ಟೇಪು ಹಿಡಿದು ಅಳೆದು ನೆಲದ ಮೇಲೆ ಹಳದಿ ಬಣ್ಣದ ಗೆರೆ ಎಳೆದದ್ದನ್ನು ನಾನೇ ನೋಡಿದ್ದೇನೆ, ಈಗಲೂ ಇದೆ. ತೊಗರಿ ಸುಗ್ಗಿಯಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಆ ಗೆರೆಯ ಎರಡೂ ಬದಿಗೆ ಚೀಲಗಳ ಥಪ್ಪಿ ಏಳುತ್ತದೆ. ನಡುವಿನ ಸಂದಿಯಲ್ಲಿ, ತೊಗರಿ ದೂಳಿನಲ್ಲಿ, ಒಬ್ಬರೇ ನಿಂತು ಎಸೆಯುತ್ತಿದ್ದರು. ಮೇ ತಿಂಗಳ ಬಿಸಿಲಿಗೆ ಕತ್ತಾಳೆ ನಾರಿನ ಬೋರ್ಡ್ ಗಟ್ಟಿಯಾಯಿತೆಂದು ಯಾರದೋ ಮಾತು ಕೇಳಿ ನೀರು ಚಿಮುಕಿಸಿದರು, ನಾರು ಉಬ್ಬಿ ಬೋರ್ಡ್ ಹಾಳಾಯಿತು. ಹಳೆಯ ಕಾಲದ ಮರದ ಬೋರ್ಡನ್ನು ನೆನೆಸುತ್ತಿದ್ದರಂತೆ, ನಾರಿನದಕ್ಕೆ ನೀರು ತಾಗಿಸಲೇಬಾರದು.

ಹೀಗೆ ಒಂಟಿಯಾಗಿ ಆಡಿದ ಕಾಲದಲ್ಲೇ ಅವರ ಆಟ ಅತಿ ವೇಗವಾಗಿ ಬೆಳೆಯಿತು. ಒಂದು ಸರದಿಯ, ಅಂದರೆ ಮೂರು ಡಾರ್ಟಿನ, ಸರಾಸರಿ ಅಂಕ 80 ದಾಟಿತು. ಟಿವಿಯಲ್ಲಿ ಕಾಣುವ ದೊಡ್ಡ ಆಟಗಾರರು 100ರ ಆಸುಪಾಸಿನಲ್ಲಿ ಆಡುತ್ತಾರೆ, ಅವರಿಗೂ ನನಗೂ ನಡುವೆ 20 ಅಂಕವಷ್ಟೇ ಎಂದು ಅವರಿಗೆ ಅನ್ನಿಸಿತು. ನಮ್ಮ ದೇಶದ ನಿತಿನ್ ಕುಮಾರ್ 2019ರ ವಿಶ್ವ ಚಾಂಪಿಯನ್‌ಶಿಪ್‌ಗೆ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಆಡಿದ್ದರು. ಭಾರತದಿಂದ ದಾರಿ ಇದೆ ಎಂಬುದು ಹೀಗೆ ಗೊತ್ತಾಗಿತ್ತು. ಆ ಚಾಂಪಿಯನ್‌ಶಿಪ್‌ನಲ್ಲಿ ಗೆದ್ದವನಿಗೆ ಆಗ 5 ಲಕ್ಷ ಪೌಂಡ್, ಮೊದಲ ಸುತ್ತಿನಲ್ಲೇ ಸೋತವನಿಗೂ 7,500 ಪೌಂಡ್. ರೂಪಾಯಿಯಲ್ಲಿ ಏಳು ಲಕ್ಷದ ಮೇಲೆ. 2021ರ ಕೊನೆಗೆ ಕೆಲಸ ಬಿಟ್ಟರು.

ಬಿಟ್ಟದ್ದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳುವವರಿದ್ದಾರೆ. ಬಿಟ್ಟದ್ದಕ್ಕಿಂತ, ಯಾವ ಲೆಕ್ಕ ನೋಡಿ ಬಿಟ್ಟರು ಎಂಬುದು ನನಗೆ ಮುಖ್ಯ. ಅವರ ನೋಟ್‌ಬುಕ್ಕಿನಲ್ಲಿ ದಿನದ ಸರಾಸರಿ ಇತ್ತು, ಒಂದು ಸರದಿಯ ಗರಿಷ್ಠ ಅಂಕವಾದ 180 ಎಷ್ಟು ಸಲ ಬಿತ್ತು ಎಂದಿತ್ತು. ಡಬಲ್‌ಗೆ ಎಷ್ಟು ಎಸೆದೆ, ಎಷ್ಟು ಬಿತ್ತು ಎಂಬ ಕಲಂ ಇರಲಿಲ್ಲ. ಮನುಷ್ಯರ ಎದುರು ಆಡಿದ ಪಂದ್ಯಗಳ ಸರಾಸರಿಯೂ ಬೇರೆಯಾಗಿ ಇರಲಿಲ್ಲ.

ಮಿಲ್ಟನ್ ಕೀನ್ಸ್

ವೃತ್ತಿಪರ ಡಾರ್ಟ್ಸ್‌ನ ಮುಖ್ಯ ಸರ್ಕ್ಯೂಟ್ ಪಿಡಿಸಿಯದು, ಅಂದರೆ ಪ್ರೊಫೆಷನಲ್ ಡಾರ್ಟ್ಸ್ ಕಾರ್ಪೊರೇಷನ್ನಿನದು. ಅದರಲ್ಲಿ ವರ್ಷಪೂರ್ತಿ ಆಡಲು ಟೂರ್ ಕಾರ್ಡ್ ಬೇಕು, ಕಾರ್ಡ್ ಇರುವವರು 128 ಜನ. ಹೊಸಬರು ಹೆಚ್ಚಾಗಿ ಕಾರ್ಡ್ ಗಳಿಸುವುದು ಜನವರಿಯಲ್ಲಿ ನಡೆಯುವ ಕ್ಯೂ ಸ್ಕೂಲ್ ಎಂಬ ಅರ್ಹತಾ ಪಂದ್ಯಾವಳಿಯಲ್ಲಿ. ಸಿಕ್ಕ ಕಾರ್ಡ್‌ಗೆ ಎರಡು ವರ್ಷದ ಆಯುಷ್ಯ. ರ‍್ಯಾಂಕಿಂಗ್ ಎಂದರೆ ಅಂಕವಲ್ಲ, ಕಳೆದ ಎರಡು ವರ್ಷದಲ್ಲಿ ಗೆದ್ದ ಬಹುಮಾನದ ಹಣ. ಹಳೆಯ ಹಣ ಎರಡು ವರ್ಷಕ್ಕೆ ಉದುರುತ್ತ ಹೋಗುತ್ತದೆ, ಆ ಜಾಗಕ್ಕೆ ಹೊಸದು ಗಳಿಸದವನು ಕೆಳಗಿಳಿಯುತ್ತಾನೆ. ಸಂಬಳ, ಪ್ರಯಾಣ ಭತ್ಯೆ ಇಂಥದ್ದೇನೂ ಇಲ್ಲ. ಟೂರಿನ ಸಾಮಾನ್ಯ ಪಂದ್ಯಾವಳಿಯಲ್ಲಿ ಮೊದಲ ಸುತ್ತಿನಲ್ಲೇ ಸೋತರೆ ಹೋಟೆಲ್ ಬಾಡಿಗೆಯೂ ಕೈಯಿಂದಲೇ.

2022ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗೆ ನಡೆಯುವ ಭಾರತದ ಅರ್ಹತಾ ಪಂದ್ಯದಲ್ಲಿ ಬೇಗನೆ ಸೋತ ಮೇಲೆ ಅವರು ಕ್ಯೂ ಸ್ಕೂಲ್ ಕಡೆ ನೋಡಿದರು. ಒಂದೇ ಪಂದ್ಯಾವಳಿಯಲ್ಲಿ ಅದೃಷ್ಟ ಕೈಕೊಡಬಹುದು, ಅಲ್ಲಿ ದಿನಾಲೂ ಹೊಸ ಅವಕಾಶ ಇರುತ್ತದೆ ಎಂಬ ತರ್ಕ. ತರ್ಕ ತಪ್ಪಲ್ಲ. ವೀಸಾ, ಟಿಕೆಟ್, ಪ್ರವೇಶ ಶುಲ್ಕ, ಹೋಟೆಲ್ ಎಲ್ಲ ಸೇರಿ ಬೇಕಾದ ಹಣ ಮಾತ್ರ ಕಾಕಾನಿಂದ ಬರಬೇಕಿತ್ತು. ಗಂಜ್‌ನಲ್ಲಿ ಆವಕ ಜೋರಾಗಿರುವ ಜನವರಿ ತಿಂಗಳಲ್ಲೇ ಮನೆಯ ಒಂದು ಆಳು ಹೊರಗೆ ಹೋಗುವುದು ಕಾಕಾನಿಗೆ ಹಣಕ್ಕಿಂತ ದೊಡ್ಡ ನೋವು. "ಗ್ವಾಡಿಗಿ ಮೊಳಿ ಹೊಡಿಲಾಕ ಲಂಡನ್ನಿಗಿ ಹೋಗ್ಬೇಕೇನೊ ತಮ್ಮಾ?" ಎಂದರಂತೆ. ಎಂದರು, ಹಣವನ್ನೂ ಕೊಟ್ಟರು.

2023ರ ಜನವರಿ, ಕ್ಯೂ ಸ್ಕೂಲ್ ನಡೆದ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್. ಚಳಿಗೆ ಬೆರಳು ಮರಗಟ್ಟಿತು ಎಂದು ಊರಲ್ಲಿ ಹೇಳಿಕೊಂಡರು. ನನ್ನ ಮುಂದೆ ಸೋತ ಒಂದು ಪಂದ್ಯದ ಕೊನೆಯ ಲೆಗ್‌ನ (501ರಿಂದ ಸೊನ್ನೆಗೆ ಬರುವ ಒಂದು ಆಟಕ್ಕೆ ಲೆಗ್ ಎನ್ನುತ್ತಾರೆ) ಒಂದೊಂದು ಡಾರ್ಟನ್ನೂ ಹೇಳಿದರು, ಅದರಲ್ಲಿ ಚಳಿಯ ಪಾತ್ರ ಕಾಣಲಿಲ್ಲ.

ಪಂದ್ಯ ಸಮ ಸಮ ಬಂದು ಕೊನೆಯ ನಿರ್ಣಾಯಕ ಲೆಗ್. ಇವರಿಗೆ 52 ಉಳಿದಿದೆ, ಕೈಯಲ್ಲಿ ಒಂದೇ ಡಾರ್ಟ್. 12 ಹೊಡೆದು 40 ಉಳಿಸಿದರು, ಅಂದರೆ ಮುಂದಿನ ಸರದಿಗೆ ಡಬಲ್ 20. ಎದುರಾಳಿ ಇನ್ನೂ 150ರ ಮೇಲಿದ್ದ. ಮೂರು ಡಾರ್ಟ್, ಒಂದು ಡಬಲ್. ಡಬಲ್ ಪಟ್ಟಿಯ ಅಗಲ 8 ಮಿಲಿಮೀಟರ್. ಮೊದಲನೆಯದು ತಂತಿಯ ಹೊರಗೆ ಹೋಯಿತು. ಎರಡನೆಯದು ಒಳಗೆ ಸಿಂಗಲ್ 20ರಲ್ಲಿ ಬಿತ್ತು, ಉಳಿದದ್ದು 20. ಮೂರನೆಯದನ್ನು ಡಬಲ್ 10ಕ್ಕೆ ಎಸೆದರು, ಮತ್ತೆ ಹೊರಗೆ. ಎದುರಾಳಿ ಬಂದು 100 ಹೊಡೆದು 52ಕ್ಕೆ ಇಳಿದ. ಇವರು ಮತ್ತೆ ನಿಂತಾಗ ಸಿಂಗಲ್ 10, ಉಳಿದದ್ದು 10. ಡಬಲ್ 5ಕ್ಕೆ ಎಸೆದರೆ ಸಿಂಗಲ್ 5, ಉಳಿದದ್ದು 5. ಬೆಸ ಸಂಖ್ಯೆಯಲ್ಲಿ ಡಬಲ್ ಇಲ್ಲ, 1 ಹೊಡೆದು 4 ಉಳಿಸಬೇಕಾಯಿತು. ಆರು ಡಾರ್ಟ್ ಮುಗಿದವು. ಎದುರಾಳಿ 52ರಲ್ಲಿ 20 ಹೊಡೆದ, 32 ಉಳಿಯಿತು, ಡಬಲ್ 16 ಹೊಡೆದು ಲೆಗ್ ಮುಚ್ಚಿದ.

52ರಲ್ಲಿ 12 ಹೊಡೆಯುವುದು ತಪ್ಪಲ್ಲ, ದೊಡ್ಡವರೂ ಹಾಗೆ ಆಡುತ್ತಾರೆ. ಆದರೆ 32 ಉಳಿದವನು ಒಳಗೆ ತಪ್ಪಿದರೂ 16, 8, 4, 2 ಎಂದು ಅರ್ಧ ಅರ್ಧವಾಗಿ ಸಮ ಸಂಖ್ಯೆಯಲ್ಲೇ ಇಳಿಯುತ್ತಾನೆ. 40 ಉಳಿದವನು ಮೂರು ಸಲ ಒಳಗೆ ತಪ್ಪಿದರೆ 5ಕ್ಕೆ ಬಂದು ಒಂದು ಡಾರ್ಟ್ ದಂಡ ಕಟ್ಟುತ್ತಾನೆ. ಅಂಗಡಿಯ ಲೆಕ್ಕ ಬಲ್ಲ ಮನುಷ್ಯನಿಗೆ ಇದು ಗೊತ್ತಿಲ್ಲದೆ ಏನಿಲ್ಲ. ಗೋದಾಮಿನಲ್ಲಿ ಡಬಲ್ 20 ಬೀಳದಿದ್ದರೆ ಇನ್ನೊಮ್ಮೆ ಎಸೆಯಬಹುದಿತ್ತು, ಎದುರಾಳಿ ಬಂದು ಮುಚ್ಚಿಬಿಡುವುದು ಅಲ್ಲಿ ಇರಲಿಲ್ಲ. ಆ ವಾರದ ಉಳಿದ ಪಂದ್ಯಗಳನ್ನು ನೆನಪಿನಿಂದ ಬರೆಸಿದಾಗ ಐದು ಡಬಲ್ ಪ್ರಯತ್ನಕ್ಕೆ ಒಂದು ಬಿದ್ದ ಹಾಗಿತ್ತು. ಸರಾಸರಿ 70ರ ಒಳಗೆ. ಕಾರ್ಡ್ ದೂರ ಉಳಿಯಿತು.

ಕೈ ಹಿಡಿದದ್ದು

ಮರಳಿ ಬಂದ ಮೇಲೆ ಅವರು ತೆಗೆದುಕೊಂಡ ತೀರ್ಮಾನವೇ ಈ ಪ್ರಕರಣದ ಮೊದಲ ದೊಡ್ಡ ತಿರುವು. ಸೋಲಿಗೆ ಕಾರಣ ಎಸೆತದ ಶೈಲಿ ಎಂದುಕೊಂಡರು. ದಿನಕ್ಕೆ ಐದಾರು ತಾಸು ಗೋದಾಮಿನಲ್ಲಿ ನಿಂತು ಶೈಲಿ ಬದಲಿಸಲು ಹೊರಟರು. ಆನ್‌ಲೈನ್‌ನಲ್ಲಿ ಯಾರೋ ಹೇಳಿದರು: ನೀನು ಬಹಳ ಬೇಗ ಎಸೆಯುತ್ತೀ, ಡಾರ್ಟನ್ನು ಕಣ್ಣಿನ ಮುಂದೆ ತಂದು ಒಂದು ಕ್ಷಣ ತಡೆ, ಗುರಿ ಕಟ್ಟು, ಆಮೇಲೆ ಬಿಡು. ತಡೆಯಲು ಶುರುಮಾಡಿದರು. ಮಳೆಗಾಲದ ಹೊತ್ತಿಗೆ ಆ ತಡೆ ಅವರ ಕೈಮೀರಿ ಹೋಯಿತು.

ಬೆಂಗಳೂರಿನ ಒಂದು ಪಂದ್ಯಾವಳಿ. ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಇಳಿದು ಹೋಗಿದ್ದರು. ಮೊದಲ ಲೆಗ್‌ನಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಕೈ ಮುಂದೆ ಹೋಯಿತು, ಡಾರ್ಟ್ ಬೆರಳಲ್ಲೇ ಉಳಿಯಿತು. ಹಿಂದೆ ತಂದು ಮತ್ತೆ ಮುಂದೆ. ಮತ್ತೆ. ಎದುರಾಳಿ ನೆಲ ನೋಡುತ್ತ ನಿಂತ. ಕೊನೆಗೆ ಬಿಟ್ಟ ಡಾರ್ಟ್ ಬೋರ್ಡ್ ತಲುಪದೆ ನೆಲಕ್ಕೆ ಬಿತ್ತು. ಭುಜ ನೋವೆಂದು ಹೇಳಿ ಪಂದ್ಯ ಬಿಟ್ಟುಕೊಟ್ಟು ಬಂದರು.

ನನ್ನ ಬಳಿ ಬಂದದ್ದೂ ಭುಜ ನೋವೆಂದೇ. ಭುಜ, ಮೊಣಕೈ, ಮಣಿಕಟ್ಟು ಎಲ್ಲ ಪರೀಕ್ಷಿಸಿದೆ. ಎಲ್ಲಿಯೂ ನೋವಿಲ್ಲ, ಬಿಗಿತವಿಲ್ಲ, ಹಿಡಿತದ ಶಕ್ತಿ ಚೆನ್ನಾಗಿತ್ತು. ಪೆನ್ನು ಕೊಟ್ಟರೆ ಒಂದು ಪುಟ ಸಲೀಸಾಗಿ ಬರೆದರು. ನೋವು ಎಲ್ಲಿ ಎಂದು ಮತ್ತೆ ಕೇಳಿದಾಗ ಹೇಳಿದರು: "ಕೈ ನೋಯಂಗಿಲ್ರಿ ಸರ್. ಡಾರ್ಟ್ ಬಿಡವಲ್ದು, ಅಷ್ಟೇ."

ಗೋದಾಮಿಗೇ ಹೋಗಿ ನೋಡಿದೆ. ಕಾಗದದ ಉಂಡೆ ಮಾಡಿ ಬುಟ್ಟಿಗೆ ಎಸೆಯಲು ಹೇಳಿದೆ, ಕೈ ಆರಾಮ ಬಿಟ್ಟಿತು. ಡಾರ್ಟ್ ಕೊಟ್ಟು ಬೋರ್ಡ್ ಇಲ್ಲದ ಕಡೆ, ಖಾಲಿ ಚೀಲಗಳ ರಾಶಿಗೆ ಎಸೆಯಲು ಹೇಳಿದೆ, ಅದಕ್ಕೂ ತಕರಾರಿಲ್ಲ. ಬೋರ್ಡಿನ ಮುಂದೆ ಹಳದಿ ಗೆರೆಗೆ ಕಾಲು ತಾಗಿದ ಕೂಡಲೇ ತೋರುಬೆರಳು, ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತಿಕೊಂಡವು, ಮುಂಗೈ ಸ್ನಾಯು ಹುರಿಗಟ್ಟಿತು. ಅದೇ ಕೈ, ಅದೇ ಡಾರ್ಟ್.

ಆಟದ ಲೋಕದಲ್ಲಿ ಇದನ್ನು ಡಾರ್ಟೈಟಿಸ್ ಎನ್ನುತ್ತಾರೆ. ಐದು ಸಲ ವಿಶ್ವ ಚಾಂಪಿಯನ್ ಆದ ಎರಿಕ್ ಬ್ರಿಸ್ಟೋಗೆ 1980ರ ದಶಕದಲ್ಲಿ ಆಟದ ಉತ್ತುಂಗದಲ್ಲೇ ಇದು ಅಂಟಿತು. 1986ರ ನಂತರ ಅವರು ವಿಶ್ವ ಪ್ರಶಸ್ತಿ ಗೆಲ್ಲಲಿಲ್ಲ, ಆದರೆ 1987, 1989, 1990, 1991ರಲ್ಲಿ ಫೈನಲ್ ತಲುಪಿದರು. 2017ರ ಗ್ರ್ಯಾಂಡ್ ಸ್ಲ್ಯಾಮ್ ಡಾರ್ಟ್ಸ್ ಪಂದ್ಯಾವಳಿಯಲ್ಲಿ ನೆದರ್ಲೆಂಡ್ಸ್‌ನ ಬೆರಿ ವಾನ್ ಪೀರ್ ಟಿವಿ ಕ್ಯಾಮೆರಾದ ಮುಂದೆಯೇ ಇದರೊಡನೆ ಗುದ್ದಾಡಿದ್ದನ್ನು ಜಗತ್ತು ನೋಡಿತು. ಬರಹಗಾರರ ಕೈ ಬರೆಯುವಾಗ ಮಾತ್ರ ಸೆಟೆದುಕೊಳ್ಳುವ, ವಾದ್ಯ ನುಡಿಸುವವರ ಬೆರಳು ಆ ವಾದ್ಯದ ಮೇಲೆ ಮಾತ್ರ ಮುರುಟುವ ತೊಂದರೆಯನ್ನು ನರರೋಗ ವೈದ್ಯರು ಬಲ್ಲರು. ಇದು ಅದರ ಹತ್ತಿರದ ಸಂಬಂಧಿ ಇರಬಹುದು, ಒತ್ತಡ ಮತ್ತು ಅಂಜಿಕೆಯ ಪಾಲೂ ಇರಬಹುದು. ಹೈದರಾಬಾದಿನ ನರರೋಗ ತಜ್ಞರಿಗೆ ತೋರಿಸಲು ಕಳಿಸಿದೆ. ಬೇರೆ ರೋಗದ ಲಕ್ಷಣವಿಲ್ಲ ಎಂದರು. ಬೊಟುಲಿನಮ್ ಇಂಜೆಕ್ಷನ್ನಿನ ಮಾತೂ ಬಂತು, ಬೆರಳಿನ ಸೂಕ್ಷ್ಮ ಹಿಡಿತವೇ ಬಂಡವಾಳವಾದವನಿಗೆ ಸ್ನಾಯು ಸಡಿಲಿಸುವ ಚುಚ್ಚುಮದ್ದು ಕೊನೆಯ ಉಪಾಯವಾಗಿ ಇರಲಿ ಎಂದು ಮೂವರೂ ಒಪ್ಪಿದೆವು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ನನ್ನ ಬಳಿ ಬರುವ ಮೊದಲೇ ಪರಿಚಯದ ವೈದ್ಯರೊಬ್ಬರು ನಡುಕಕ್ಕೆಂದು ಪ್ರೊಪ್ರನೊಲಾಲ್ ಬರೆದುಕೊಟ್ಟಿದ್ದರು. ಒಳ್ಳೆಯ ಔಷಧವೇ, ಹೃದಯದ ಬಡಿತ ತಗ್ಗಿಸುತ್ತದೆ, ಕೈ ನಡುಗುವುದು ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಬೀಟಾ ಬ್ಲಾಕರ್ ಗುಂಪಿನ ಔಷಧಗಳು ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಪಟ್ಟಿಯಲ್ಲಿ ಬಿಲ್ಲುಗಾರಿಕೆ, ಶೂಟಿಂಗ್, ಬಿಲಿಯರ್ಡ್ಸ್, ಗಾಲ್ಫ್‌ಗಳ ಜೊತೆ ಡಾರ್ಟ್ಸ್‌ಗೂ ನಿಷಿದ್ಧ. ಆಟಗಾರನಿಗೆ ಇದು ಗೊತ್ತಿರಲಿಲ್ಲ. ರಕ್ತದೊತ್ತಡಕ್ಕೆ ಮನೆಮನೆಯಲ್ಲಿ ನುಂಗುವ ಮಾತ್ರೆ ಡೋಪಿಂಗ್ ಎಂದು ಯಾರಿಗೆ ಹೊಳೆಯುತ್ತದೆ? ವೈದ್ಯರನ್ನು ಕೇಳಿ, ಅವರ ಸಲಹೆಯಂತೆ ನಿಲ್ಲಿಸಿದರು. ಒಂಟಿ ಆಟದ ಯಾರೇ ಬಂದರೂ ನಾನೀಗ ಮೊದಲು ಔಷಧದ ಚೀಟಿ ಕೇಳುತ್ತೇನೆ.

ಮಾಡಿ ನೋಡಿದ್ದು

ಅವರೇ ಮಾಡಿಕೊಂಡ ಪ್ರಯೋಗಗಳು ಬೇಕಾದಷ್ಟಿದ್ದವು. 22 ಗ್ರಾಂನ ಟಂಗ್‌ಸ್ಟನ್ ಡಾರ್ಟ್ ಬಿಟ್ಟು 26 ಗ್ರಾಂ ಹಿಡಿದರು. ಉದ್ದ ಕಾಂಡ, ಗಿಡ್ಡ ಕಾಂಡ, ಅಗಲ ರೆಕ್ಕೆ, ಸಣ್ಣ ರೆಕ್ಕೆ. ಬೆರಳಿಗೆ ಮೇಣ. ಎಡಗೈಯಲ್ಲಿ ಎಸೆಯುವ ಪ್ರಯತ್ನ. ಪ್ರತಿ ಹೊಸ ಸಾಮಾನು ಬಂದಾಗ ನಾಲ್ಕು ದಿನ ಕೈ ಬಿಡುತ್ತಿತ್ತು, ಐದನೆಯ ದಿನ ಮತ್ತೆ ಹಿಡಿಯುತ್ತಿತ್ತು. ಆ ನಾಲ್ಕು ದಿನದ ಆಸೆಯಿಂದಲೇ ಅವರು ಬಹಳ ಹಣ ಕಳೆದರು. ಪೂರ್ತಿ ವಿಶ್ರಾಂತಿಯನ್ನೂ ಮಾಡಿಸಿದೆ. ಕೆಲವು ವಾರ ಡಾರ್ಟ್ ಮುಟ್ಟಲಿಲ್ಲ, ಮುಟ್ಟಿದ ದಿನವೇ ಮೊದಲಿನ ಕಥೆ.

ಸ್ವಲ್ಪ ದಾರಿ ಬಿಟ್ಟದ್ದು ಬೋರ್ಡ್ ಮುಚ್ಚಿದಾಗ. ಬೋರ್ಡಿನ ಮೇಲೆ ಹಳೆಯ ದಿನಪತ್ರಿಕೆ ಅಂಟಿಸಿದೆವು. ಅಂಕ ಇಲ್ಲ, ತಂತಿ ಇಲ್ಲ, ಎಲ್ಲಿ ಬಿತ್ತೆಂಬ ತೀರ್ಪು ಇಲ್ಲ. ಅರ್ಧ ದೂರದಿಂದ ಶುರುಮಾಡಿ ಅಂಗುಲ ಅಂಗುಲ ಹಿಂದೆ ಸರಿದೆವು. ಎಸೆಯುವಾಗ ತಡೆಯಬೇಡಿ, ಜೋರಾಗಿ ಮಗ್ಗಿ ಹೇಳುತ್ತ ಎಸೆಯಿರಿ ಎಂದೆ. ಬಾಯಿ ಹದಿನೇಳರ ಮಗ್ಗಿಯಲ್ಲಿ ಮುಳುಗಿದ್ದಾಗ ಕೈ ಬಿಡುತ್ತಿತ್ತು. ಪತ್ರಿಕೆ ಹರಿದು ಒಳಗಿನ ಕೆಂಪು ಹಸಿರು ಪಟ್ಟಿ ಇಣುಕಿದಾಗ ಮತ್ತೆ ತಡವರಿಕೆ.

ನಿಜವಾದ ಬದಲಾವಣೆ ಯೋಜನೆ ಮಾಡಿ ಬಂದದ್ದಲ್ಲ. ಅಂಗಡಿಯ ಎದುರು ಸಂಜೆ ಕೇರಂ ಆಡುವ ಹುಡುಗರ ಗುಂಪೊಂದಿದೆ. ಒಂದು ದಿನ ಮಳೆಗೆ ಅವರು ಗೋದಾಮಿನೊಳಗೆ ಬಂದರು, ಬೋರ್ಡ್ ನೋಡಿ "ಅಣ್ಣಾ, ನಮಗ್ಭೀ ಕಲಸ್ರಿ" ಎಂದರು. ಕಾಲು ಎಲ್ಲೋ, ಕಣ್ಣು ಎಲ್ಲೋ, ಚಹಾ ಕುಡಿಯುತ್ತ, ಒಬ್ಬರನ್ನೊಬ್ಬರು ಚಾಷ್ಟಿ ಮಾಡುತ್ತ ಎಸೆದರು. ಸರದಿ ಬಂದಾಗ ಇವರೂ ಎಸೆಯಲೇಬೇಕಾಯಿತು. ಕೈ ಬಿಟ್ಟಿತು. ಆ ಸಂಜೆ ಒಬ್ಬ ಹುಡುಗ, ನಿಯಮವೂ ಪೂರ್ತಿ ಗೊತ್ತಿಲ್ಲದವನು, ಇವರನ್ನು ಒಂದು ಲೆಗ್ ಸೋಲಿಸಿದ. ಅದನ್ನು ನಗುತ್ತ ಫೋನಿನಲ್ಲಿ ನನಗೆ ಹೇಳಿದರು. ಡಾರ್ಟ್ಸ್ ಬಗ್ಗೆ ಅವರು ನಗುತ್ತ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಅಲ್ಲಿಂದ ಹಿಂದಕ್ಕೆ ನೋಡಿದಾಗ ಇಡೀ ಪ್ರಕರಣ ಬೇರೆಯಾಗಿ ಕಂಡಿತು. ನಾವು ಕೈ, ಡಾರ್ಟ್, ಔಷಧ ಎಂದು ಹುಡುಕುತ್ತಿದ್ದೆವು. ಈ ಮನುಷ್ಯ ವರ್ಷಗಟ್ಟಲೆ ಎದುರಾಳಿಯೇ ಇಲ್ಲದೆ ಆಡಿದ್ದರು. ಎದುರಿಗೆ ಆಡುವವನಿದ್ದರೆ ಅವನೂ ತಪ್ಪುತ್ತಾನೆ, ಅವನ ತಪ್ಪು ನಮ್ಮ ತಪ್ಪನ್ನು ಹಗುರ ಮಾಡುತ್ತದೆ, ಸರದಿ ಬಂತೆಂದು ಕೈ ತಾನೇ ಏಳುತ್ತದೆ. ಬೋರ್ಡ್ ಎಂದೂ ತಪ್ಪುವುದಿಲ್ಲ. ಅದರ ಮುಂದೆ ಒಬ್ಬರೇ ನಿಂತವರಿಗೆ ಒಂದೊಂದು ಎಸೆತವೂ ಪರೀಕ್ಷೆಯಾಗಿಬಿಡುತ್ತದೆ. ಸರಾಸರಿ 80 ಬಂದದ್ದೂ ಆ ಒಂಟಿತನದಲ್ಲೇ, ಡಬಲ್ ತಪ್ಪಿದ್ದೂ ಕೈ ಹಿಡಿದದ್ದೂ ಅದರಿಂದಲೇ ಎಂಬುದು ನನ್ನ ಅಭಿಪ್ರಾಯ. ಬ್ರಿಟನ್ನಿನಲ್ಲಿ ಹುಡುಗನೊಬ್ಬ ವಾರಕ್ಕೆ ಮೂರು ರಾತ್ರಿ ಕ್ಲಬ್ಬಿನಲ್ಲಿ ತನಗಿಂತ ದೊಡ್ಡವರ ಎದುರು ಸೋತು ಬೆಳೆಯುತ್ತಾನೆ. 17ನೇ ವಯಸ್ಸಿಗೆ, 2025ರಲ್ಲಿ, ವಿಶ್ವ ಚಾಂಪಿಯನ್ ಆದ ಲ್ಯೂಕ್ ಲಿಟ್ಲರ್ ಕೂಡ ಚಿಕ್ಕಂದಿನಿಂದ ಅಕಾಡೆಮಿಯಲ್ಲಿ ಉಳಿದ ಮಕ್ಕಳ ಜೊತೆ ಆಡಿದವನು. ನಮ್ಮಲ್ಲಿ ಬೋರ್ಡ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಸಲಹೆ ಪುಕ್ಕಟೆ ಸಿಗುತ್ತದೆ, ಎದುರಾಳಿ ಸಿಗುವುದಿಲ್ಲ.

ಹಾಗಾಗಿ ಅಭ್ಯಾಸದ ನಿಯಮ ತಿರುಗಿಸಿದೆವು. ಒಬ್ಬರೇ ನಿಂತು ಎಸೆಯುವುದು ದಿನಕ್ಕೆ ಅರ್ಧ ತಾಸು ಮೀರಬಾರದು. ಉಳಿದದ್ದೆಲ್ಲ ಯಾರಾದರೊಬ್ಬರ ಎದುರು. ಕೇರಂ ಹುಡುಗರಿಗೆ 301, ಇವರಿಗೆ 501, ಸೋತವರು ಚಹಾ ಕೊಡಿಸಬೇಕು. ರಾತ್ರಿ ಮೊಬೈಲನ್ನು ಬೋರ್ಡಿನ ಕಡೆ ತಿರುಗಿಸಿಟ್ಟು ಬೇರೆ ಊರು, ಬೇರೆ ದೇಶದವರ ಜೊತೆ ಆನ್‌ಲೈನ್ ಪಂದ್ಯ. ನೋಟ್‌ಬುಕ್ಕಿನಲ್ಲಿ ಸರಾಸರಿ ಬರೆಯುವುದು ಬಂದ್, ಡಬಲ್ ಮಾತ್ರ. ಬೋರ್ಡನ್ನು ಗೋದಾಮಿನಿಂದ ತೆಗೆದು ಮನೆಯ ಮಹಡಿಯ ಮೇಲೆ, ಜನ ಓಡಾಡುವ ಪಡಸಾಲೆಯಲ್ಲಿ ಹಾಕಿದರು. ಕೂಲರ್ ಗಾಳಿಗೆ ಡಾರ್ಟ್ ಅಲುಗುತ್ತದೆಂದು ಮೊದಲ ವಾರ ಗೊಣಗಿದರು. ವೇದಿಕೆಯ ಮೇಲೂ ಎಸಿ ಗಾಳಿ ಇರುತ್ತದಲ್ಲ ಎಂದೆ, ಸುಮ್ಮನಾದರು.

ಹೆಂಡತಿಯ ಪ್ರಶ್ನೆ

ಇನ್ನೊಂದು ತಿರುವಿಗೂ ಕೈಗೂ ಸಂಬಂಧವಿಲ್ಲ. ಅವರ ಪತ್ನಿ ಶಾಲೆಯಲ್ಲಿ ಕಲಿಸುತ್ತಾರೆ. ಮನೆ ಬಹುಪಾಲು ಅವರ ಸಂಬಳದ ಮೇಲೆ ನಡೆಯುತ್ತಿತ್ತು. ಒಮ್ಮೆ ಇಬ್ಬರೂ ಕ್ಲಿನಿಕ್‌ಗೆ ಬಂದಾಗ ನನ್ನ ಮುಂದೆಯೇ ಕೇಳಿದರು: "ಆಟ ಬಿಡ್ರಿ ಅಂತ ನಾ ಎಂದೂ ಅಂದಿಲ್ಲ, ಅನ್ನಂಗೂ ಇಲ್ಲ. ವರ್ಷಕ್ಕ ಎಷ್ಟ್ ರೊಕ್ಕ ಹೋದ್ರ ಸಾಕು ಅಂತೀರಿ, ಅಷ್ಟ್ ಹೇಳ್ರಿ."

ಆತನ ಬಳಿ ಉತ್ತರ ಇರಲಿಲ್ಲ. ಗೆದ್ದರೆ ಎಷ್ಟು ಬರುತ್ತದೆಂಬುದು ಬಾಯಿಪಾಠವಿತ್ತು, ಎಷ್ಟು ಹೋದರೆ ನಿಲ್ಲಿಸಬೇಕೆಂಬ ಅಂಕಿ ಇರಲಿಲ್ಲ. ಅಡತ್ ಅಂಗಡಿಯಲ್ಲಿ ಬೆಳೆದವರು! ಆ ವಾರ ಗಂಡಹೆಂಡತಿ ಕೂತು ಲೆಕ್ಕ ಮಾಡಿದರು. ಹಳೆಯ ಕಂಪನಿಯ ಸ್ನೇಹಿತರ ಮೂಲಕ ದಿನಕ್ಕೆ ಅರ್ಧ ಹೊತ್ತಿನ ಟೆಸ್ಟಿಂಗ್ ಕೆಲಸ ಗುತ್ತಿಗೆಯ ಮೇಲೆ ಸಿಕ್ಕಿತು. ಅದರಲ್ಲಿ ಒಂದು ಪಾಲು ಮಾತ್ರ ಆಟಕ್ಕೆ. ಕಾಕಾನ ಸಾಲವನ್ನು ಕಂತಿನಲ್ಲಿ ತೀರಿಸುವುದು ಮೊದಲು. ದೇಶದೊಳಗಿನ ಪಂದ್ಯಗಳು ಮತ್ತು ಭಾರತದ ಅರ್ಹತಾ ಪಂದ್ಯ ಈ ಪಾಲಿನಲ್ಲಿ ಆಗುತ್ತವೆ, ಕ್ಯೂ ಸ್ಕೂಲ್ ಆಗುವುದಿಲ್ಲ. ಅದನ್ನು ಬಿಟ್ಟರು.

ಕೆಲಸಕ್ಕೆ ಮರಳಿದ್ದು ಆಟಕ್ಕೆ ಹಿನ್ನಡೆ ಎಂದು ಅವರ ಗೆಳೆಯರು ಹೇಳಿದರು. ನಾನು ಕಂಡದ್ದು ಬೇರೆ. ತಿಂಗಳ ಕೊನೆಗೆ ಹಣ ಬರುವುದು ಖಚಿತವಾದ ಮೇಲೆ ಡಬಲ್ 16ರ ಮೇಲೆ ಮನೆಯ ಬಾಡಿಗೆ, ಮಗುವಿನ ಫೀಸು ಕೂತಿರಲಿಲ್ಲ. ಫಿಲ್ ಟೇಲರ್ 16 ಸಲ ವಿಶ್ವ ಚಾಂಪಿಯನ್ ಆದವರು, ಅದಕ್ಕೂ ಮೊದಲು ಕಾರ್ಖಾನೆಯಲ್ಲಿ ಶೌಚಾಲಯದ ಪಿಂಗಾಣಿ ಹಿಡಿಕೆ ಮಾಡುತ್ತಿದ್ದರು, ಅವರಿಗೆ ಆರಂಭದ ಖರ್ಚು ಕೊಟ್ಟವರು ಇದೇ ಬ್ರಿಸ್ಟೋ. 2024ರ ಚಾಂಪಿಯನ್ ಲ್ಯೂಕ್ ಹಂಫ್ರೀಸ್ ಛಾವಣಿ ಕೆಲಸ ಮಾಡಿದವರು, ಆತಂಕದ ತೊಂದರೆಯನ್ನು ಬಹಿರಂಗವಾಗಿ ಹೇಳಿಕೊಂಡವರು. ಈ ಎರಡು ಹೆಸರುಗಳನ್ನು ಅವರು ತಮ್ಮ ಕಾಕಾನಿಗೂ ಹೇಳಿದರಂತೆ, ಕಾಕಾ ಹಿಡಿಕೆಯ ವಿಷಯ ಮಾತ್ರ ನೆನಪಿಟ್ಟುಕೊಂಡರು.

ಆದದ್ದು

2024ರ ಬೇಸಿಗೆಗೆ ಕೈ ಬಹುಪಾಲು ಬಿಡತೊಡಗಿತು. ವಾಸಿಯಾಯಿತು ಎನ್ನಲಾರೆ. ಒಂದು ಪಂದ್ಯಾವಳಿಯಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು, ಮುಂದಿನದರಲ್ಲಿ ಮೊದಲ ಸುತ್ತಿನಲ್ಲೇ ಸೋತರು. ಸೋತು ಬಂದವರು ಹಳೆಯ ಚಟಕ್ಕೆ ಬಿದ್ದು ಯಾರಿಗೂ ಹೇಳದೆ ಗೋದಾಮಿನಲ್ಲಿ ಇನ್ನೊಂದು ಬೋರ್ಡ್ ತೂಗಿ ತಾಸುಗಟ್ಟಲೆ ಎಸೆದರು. ಹತ್ತು ದಿನದಲ್ಲಿ ಬೆರಳು ಮತ್ತೆ ಒತ್ತಿಕೊಳ್ಳತೊಡಗಿತು. ಈ ಸಲ ಭುಜ ನೋವು ಎನ್ನಲಿಲ್ಲ, ನೇರವಾಗಿ ಫೋನ್ ಮಾಡಿದರು. ಮತ್ತೆ ದಿನಪತ್ರಿಕೆ, ಮತ್ತೆ ಮಗ್ಗಿ, ಮತ್ತೆ ಕೇರಂ ಹುಡುಗರು. ಮೊದಲ ಸಲ ತಿಂಗಳುಗಳು ಹಿಡಿದದ್ದು ಈಗ ಕೆಲವೇ ವಾರದಲ್ಲಿ ತಹಬಂದಿಗೆ ಬಂತು.

2025ರಲ್ಲಿ ಅವರ ಸರಾಸರಿ ಗೋದಾಮಿನ ಕಾಲದ 80ನ್ನು ಮುಟ್ಟಿಲ್ಲ, 75ರ ಹತ್ತಿರ ಇದೆ. ಆದರೆ ಇದು ಎದುರಾಳಿ ಇರುವ ಪಂದ್ಯಗಳ ಸರಾಸರಿ. ಡಬಲ್ ಮೂರಕ್ಕೆ ಒಂದು ಬೀಳುತ್ತಿದೆ. ದೊಡ್ಡ ವೃತ್ತಿಪರರು ನೂರಕ್ಕೆ 40ರ ಆಸುಪಾಸು ಮುಚ್ಚುತ್ತಾರೆ, ಅಂತರ ಇನ್ನೂ ಇದೆ. 52 ಉಳಿದು ಒಂದೇ ಡಾರ್ಟ್ ಇದ್ದರೆ ಈಗ 20 ಹೊಡೆಯುತ್ತಾರೆ. ಭಾರತದ ಅರ್ಹತಾ ಪಂದ್ಯದಲ್ಲಿ ಇನ್ನೂ ಗೆದ್ದಿಲ್ಲ.

ಇಂಥ ಪ್ರಕರಣ ಎದುರಾದ ಸಹೋದ್ಯೋಗಿಗಳಿಗೆ ಎರಡು ಮಾತು. ನೋವಿಲ್ಲದೆ ಕೈ ನಿಲ್ಲುತ್ತದೆ ಎಂದರೆ ಆಟಗಾರ ಆಡುವ ಜಾಗಕ್ಕೇ ಹೋಗಿ ನೋಡಿ, ಕ್ಲಿನಿಕ್‌ನ ಮೇಜಿನ ಮೇಲೆ ಅದು ಕಾಣುವುದಿಲ್ಲ. ನರರೋಗ ತಜ್ಞರ ಅಭಿಪ್ರಾಯ ಪಡೆಯದೆ ಮನಸ್ಸಿನದೇ ಎಂದು ಹೇಳಿ ಕಳಿಸಬೇಡಿ, ಪಡೆದ ಮೇಲೆ ಮನಸ್ಸಿನ ಪಾಲನ್ನು ಬಿಡಲೂಬೇಡಿ. ಮನೆಯವರು ಆಟ ಬಿಡು ಎಂದು ಹೇಳುವುದರಿಂದಾಗಲಿ, ಗೆದ್ದೇ ಗೆಲ್ಲುತ್ತೀ ಎಂದು ಹುರಿದುಂಬಿಸುವುದರಿಂದಾಗಲಿ ಈ ಮನೆಯಲ್ಲಿ ಏನೂ ಆಗಲಿಲ್ಲ. ಮೇಷ್ಟ್ರಮ್ಮನ ಆ ಒಂದು ಪ್ರಶ್ನೆಯಿಂದ ಆಯಿತು.

ಕ್ಯೂ ಸ್ಕೂಲ್ ಆಸೆ ಪೂರ್ತಿ ಹೋಗಿಲ್ಲ. ಗಂಡಹೆಂಡತಿ ಬರೆದಿಟ್ಟುಕೊಂಡ ಷರತ್ತು ಹೀಗಿದೆ: ಒಂದು ಇಡೀ ವರ್ಷ ಪಂದ್ಯಗಳಲ್ಲಿ ಡಬಲ್ ನೂರಕ್ಕೆ 35 ದಾಟಬೇಕು, ಹೋಗುವ ಹಣದಲ್ಲಿ ಅಂಗಡಿಯ ಒಂದು ರೂಪಾಯಿಯೂ ಇರಬಾರದು. ಕಾಕಾ ಮೂರನೆಯದೊಂದನ್ನು ಸೇರಿಸಿದ್ದಾರೆ. ಜನವರಿಯಲ್ಲಿ ಹೋಗುವುದಾದರೆ ಗಂಜ್‌ನಲ್ಲಿ ತೂಕದ ಹತ್ತಿರ ನಿಲ್ಲಲು ಬದಲಿ ಆಳನ್ನು ಇವರೇ ಹುಡುಕಿಕೊಡಬೇಕು. ಕೇರಂ ಹುಡುಗರಲ್ಲಿ ಒಬ್ಬನಿಗೆ ಈ ಸುಗ್ಗಿಯಿಂದಲೇ ಕೆಲಸ ಕಲಿಸುತ್ತಿದ್ದಾರೆ.